ಕಳಚೋ ಲ್ಯಾಪ್‌ಟಾಪ್ (ಭಾಗ 3)

ಅಪ್ಪ ಚೀಟಿ ಎತ್ತಿದ ದುಡ್ಡಲ್ಲಿ ಕೊಡಿಸಿದ್ದು. ಸೆಕೆಂಡ್ ಹ್ಯಾಂಡ್. 10.1 ಇಂಚಿನ ಪರದೆ, 2 ಜಿಬಿ ರ್‍ಯಾಮ್, 32 ಜಿಬಿ ಸ್ಟೋರೇಜ್. ಪರದೆ ಕಳಚಿದ್ರೆ ಟ್ಯಾಬ್, ಕೀಬೋರ್ಡ್ ಮೇಲೆ ಕೂರಿಸಿದ್ರೆ ಲ್ಯಾಪ್‌ಟಾಪ್. ಅಂಗಡಿಯವರು ಟಕ್ ಅಂತ ಕಳಚಿ ತೋರಿಸಿದ್ರು ನೋಡಿ, ನಾನು ಬೇರೇನೂ ಕೇಳಲೇ ಇಲ್ಲ.

ಕೇಳಬೇಕಿತ್ತು. 32 ಜಿಬಿಯಲ್ಲಿ ವಿಂಡೋಸೇ ಅರ್ಧದಷ್ಟು ತಿನ್ನುತ್ತೆ. ಇಂಥವುಗಳಲ್ಲಿ ಸ್ಟೋರೇಜ್ ಸಾಮಾನ್ಯವಾಗಿ ಬೋರ್ಡಿಗೇ ಬೆಸೆದಿರುತ್ತೆ, ಆಮೇಲೆ ಬದಲಾಯಿಸೋಕಾಗಲ್ಲ. ಪ್ರಾಜೆಕ್ಟ್ ಕೊಡೋ ಹಿಂದಿನ ರಾತ್ರಿ ಜಾಗ ಸಾಲದೆ ಫೈಲ್ ಸೇವ್ ಆಗ್ಲಿಲ್ಲ. ಸಿಟ್ಟಲ್ಲಿ "ಎಂಥಾ ಡಬ್ಬಾ ಕೊಡಿಸಿದ್ರಪ್ಪಾ" ಅಂದ್ಬಿಟ್ಟೆ. ಅಪ್ಪ ಮಾತಾಡ್ಲಿಲ್ಲ. ಬೆಳಿಗ್ಗೆ ಮೆಲ್ಲಗೆ, "ವಾಪಸ್ ಕೊಟ್ರೆ ಎಷ್ಟು ಬರುತ್ತೆ ಅಂತ ಕೇಳ್ಲಾ?" ಅಂದ್ರು.

ಆರಿಸಿದ್ದು ನಾನೇ ಅಂತ ಆಗ ನೆನಪಾಯ್ತು.

ವಾಪಸ್ ಕೊಡಲಿಲ್ಲ. ಮೆಮೊರಿ ಕಾರ್ಡ್ ಹಾಕಿ ಫೋಟೋ, ಪಿಡಿಎಫ್ ಎಲ್ಲಾ ಅದಕ್ಕೆ ಸಾಗಿಸಿದೆ. ನೋಟ್ಸ್ ಬರೆಯೋಕೆ ಈಗ ಧಾರಾಳ ಸಾಕು.

ನೀವು ತಗೊಳ್ಳೋದಾದ್ರೆ ಕಳಚೋದನ್ನ ಕೊನೆಗೆ ನೋಡಿ. ಮೊದಲು ಸ್ಟೋರೇಜ್, ರ್‍ಯಾಮ್, ಕಾರ್ಡ್ ಸ್ಲಾಟ್. ಕೀಬೋರ್ಡ್ ಬೆಲೆಯಲ್ಲೇ ಸೇರಿದೆಯಾ ಕೇಳಿ, ಕೆಲವಕ್ಕೆ ಬೇರೆ ಕೊಳ್ಳಬೇಕು. ತೊಡೆ ಮೇಲಿಟ್ಟು ಟೈಪ್ ಮಾಡಿ ನೋಡಿ. ಬ್ಯಾಟರಿ, ಪ್ರೊಸೆಸರ್ ಎಲ್ಲಾ ಪರದೆಯೊಳಗೇ ಇರೋದ್ರಿಂದ ಭಾರಕ್ಕೆ ಹಿಂದಕ್ಕೆ ವಾಲುತ್ತೆ.

ಸಂಜೆ ಪರದೆ ಕಳಚಿ ಅಪ್ಪನ ಕೈಗೆ ಕೊಡ್ತೀನಿ, ಯಕ್ಷಗಾನ ನೋಡ್ತಾರೆ. "ಒಳ್ಳೇದೇ ಇದೆಯಲ್ಲ" ಅಂತಾರೆ. ತಪ್ಪಾಯ್ತು ಅಂತ ನಾನಿನ್ನೂ ಹೇಳಿಲ್ಲ. ಇವತ್ತು ಹೇಳ್ತೀನಿ.