ಮೂರು ಕ್ಲಿಕ್ಕು, ಒಂದು ಬೆಳಗು

ಎಚ್‌ಡಿಆರ್ ಅಂದ್ರೆ ಈಗ ಬಹಳ ಜನಕ್ಕೆ ಫೋನೇ ತಾನಾಗಿ ಮಾಡಿಕೊಡೋ ಕೆಲಸ. ಕೈಯಾರೆ ಮಾಡೋ ಮಜಾನೇ ಬೇರೆ ಬಿಡಿ! ಹೊಳೆಯೋ ಆಕಾಶ, ಕತ್ತಲ ಮೂಲೆ ಎರಡನ್ನೂ ಕಣ್ಣು ಹೊಂದಿಸಿಕೊಂಡು ನೋಡುತ್ತೆ. ಕ್ಯಾಮೆರಾ ಒಂದನ್ನ ಹಿಡಿದ್ರೆ ಇನ್ನೊಂದನ್ನ ಬಿಡುತ್ತೆ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತಗೊಂಡು ಜೋಡಿಸಿದ್ದ. 1997ರಲ್ಲಿ ಪಾಲ್ ಡೆಬೆವೆಕ್ ಮತ್ತು ಕಾನ್ಪುರ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್ ಇದಕ್ಕೆ ಗಣಿತದ ದಾರಿ ತೋರಿಸಿದ್ರು.

ನಾನು ಮೊದಲ ಸಲ ಪ್ರಯತ್ನಿಸಿದ್ದು ಹೋದ ಭಾನುವಾರ ಬೆಳಗ್ಗೆ, ಮೈಸೂರಿನ ವಿಜಯನಗರದ ನಮ್ಮ ಮನೆ ತಾರಸಿಯಿಂದ. ದೂರದಲ್ಲಿ ಚಾಮುಂಡಿ ಬೆಟ್ಟ, ಎದುರಿಗೆ ತೆಂಗಿನಮರ, ಪಕ್ಕದಲ್ಲಿ ತುಳಸಿ ಕುಂಡ. ಟ್ರೈಪಾಡ್ ಇಟ್ಟು, ಶಟರ್ ವೇಗ ಮಾತ್ರ ಬದಲಿಸಿ ಮೂರು ಫೋಟೊ: ಮೈನಸ್ ಎರಡು, ಸೊನ್ನೆ, ಪ್ಲಸ್ ಎರಡು. ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ. ಅಂದ್ರೆ ಮೊದಲನೆಯದಕ್ಕಿಂತ ಕೊನೆಯದಕ್ಕೆ 16 ಪಟ್ಟು!

ಮೂರನೇ ಕ್ಲಿಕ್ಕಿಗೆ ಸರಿಯಾಗಿ ಅಮ್ಮ ಚೊಂಬು ಹಿಡಿದು ತುಳಸಿಗೆ ನೀರು ಹಾಕೋಕೆ ಬಂದಳು. ಕಂಪ್ಯೂಟರಿನಲ್ಲಿ ಜೋಡಿಸಿದಾಗ ಬೆಟ್ಟದ ಇಳಿಜಾರು, ಮೋಡದ ಕೆಂಪು ಎರಡೂ ಸೊಗಸಾಗಿ ಬಂತು. ಅಮ್ಮ ಮಾತ್ರ ಅರೆಪಾರದರ್ಶಕ, ಸೀರೆಯೊಳಗಿಂದ ತೆಂಗಿನಮರ ಕಾಣ್ತಿತ್ತು :-) ಇದಕ್ಕೆ 'ಗೋಸ್ಟ್' ಅಂತ ಹೆಸರು. ಅಳಿಸೋಕೆ ಸಾಫ್ಟ್‌ವೇರಲ್ಲೇ ಆಯ್ಕೆ ಇದೆ. ಟಿಕ್ ಮಾಡಿದೆ. ಚಿತ್ರ ಚೊಕ್ಕ, ಅಮ್ಮ ಇಲ್ಲ.

ಬೆಂಗಳೂರಿಂದ ತಿಂಗಳಿಗೊಮ್ಮೆ ಮನೆಗೆ ಬರೋ ನಂಗೆ ಯಾಕೋ ಆ ಖಾಲಿ ತಾರಸಿ ನೋಡೋಕಾಗ್ಲಿಲ್ಲ. ಬೆಟ್ಟ ಎಲ್ಲಿಗೂ ಹೋಗಲ್ಲ... ಟಿಕ್ ತೆಗೆದೆ.

ನೀವೂ ಮಾಡಿ ನೋಡಿ. ಗಾಳಿಯಿಲ್ಲದ ಬೆಳಗು ಆರಿಸಿಕೊಳ್ಳಿ, ಟ್ರೈಪಾಡ್ ಮರೀಬೇಡಿ. ಯಾರಾದ್ರೂ ಅಡ್ಡ ಬಂದ್ರೆ ಬೈಬೇಡಿ!