ಚಿತ್ರದಲ್ಲಿ ಉಳಿದ ಕೇಳುಗ

ಕವಿಯೆಂದೊಡನೆ ಬೆಳುದಿಂಗಳನ್ನೂ ಹೊಳೆಯ ದಂಡೆಯನ್ನೂ ನೆನೆಯುವವರುಂಟು. ನಗರದಲ್ಲಿ ಬಾಳುವ ಕವಿಯ ದಿನಚರಿ ಬೇರೆಯದು. ನಾನು ಶಾಲಾ ಉಪಾಧ್ಯಾಯನಾಗಿ ಬೆಂಗಳೂರಿಗೆ ಬಂದುದು 1974ರಲ್ಲಿ. ಬಸವನಗುಡಿಯಲ್ಲಿ ಬಾಡಿಗೆಯ ಎರಡು ಕೋಣೆಗಳ ಸಂಸಾರ. ಮುಂಜಾನೆ ನಲ್ಲಿಯ ನೀರು ಹಿಡಿಯಬೇಕು, ಹಾಲಿಗೆ ಸಾಲಿನಲ್ಲಿ ನಿಲ್ಲಬೇಕು, ರಾತ್ರಿ ಉತ್ತರಪತ್ರಿಕೆಗಳನ್ನು ತಿದ್ದಬೇಕು. ಇವುಗಳ ಸಂದಿನಲ್ಲಿ ಎಲ್ಲಿಯೋ ಒಂದು ಸಾಲು ಸುಳಿಯುತ್ತಿತ್ತು. ಅದನ್ನು ನಾನು ಬಿ.ಟಿ.ಎಸ್. ಬಸ್ಸಿನ ಟಿಕೇಟಿನ ಹಿಂಬದಿಯಲ್ಲಿ ಗೀಚಿಕೊಳ್ಳುತ್ತಿದ್ದೆ. ಅಂಗಿ ಒಗೆಯುವ ಮುನ್ನ ಜೇಬು ತಡಕಿ ಆ ಚೀಟಿಗಳನ್ನು ತೆಗೆದಿಡುವ ಕೆಲಸ ಮನೆಯಾಕೆಯದಾಗಿತ್ತು.

ಆ ಬಡಾವಣೆಯಲ್ಲಿ ಸಾಹಿತ್ಯವೆಂಬುದು ದೂರದ ವಸ್ತುವಾಗಿರಲಿಲ್ಲ. ಡಿ.ವಿ.ಜಿ. ಅವರು 1975ರವರೆಗೂ ನಮ್ಮ ನಡುವೆ ಇದ್ದರು. ಪಕ್ಕದ ಗವೀಪುರದಲ್ಲಿ ಮಾಸ್ತಿಯವರ ಮನೆ. ಅವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಾಗ, ತಮ್ಮ ಮನೆಯ ಹಿರಿಯರಿಗೇ ಸಂದಿತೆಂದು ನೆರೆಹೊರೆಯವರೆಲ್ಲ ಹಿಗ್ಗಿದ್ದೆವು. ಗಾಂಧಿಬಜಾರಿನ ವಿದ್ಯಾರ್ಥಿ ಭವನವು 1943ರಿಂದ ನಡೆದುಬಂದಿರುವ ಉಪಾಹಾರ ಗೃಹ. ಅಲ್ಲಿ ದೋಸೆಗಾಗಿ ಕಾಯುತ್ತ ಕುಳಿತವರು ಗೋಡೆಯ ಮೇಲಿನ ಸಾಹಿತಿಗಳ ಚಿತ್ರಗಳನ್ನು ನೋಡುತ್ತಾರೆ. ತಾನೂ ಚಿತ್ರವಾಗಿ ಗೋಡೆಗೇರಬೇಕೆಂಬ ಆಸೆ ಯಾವ ಕವಿಗೂ ಇಲ್ಲವೆಂದರೆ ಸುಳ್ಳಾದೀತು.

ಆ ಆಸೆಯಿಂದಲೋ ಏನೋ, 1979ರಲ್ಲಿ ಒಬ್ಬರು ಬಳಸಿ ಬಿಟ್ಟಿದ್ದ ಆಗ್ಫಾ ಕ್ಲಿಕ್ ತ್ರೀ ಕ್ಯಾಮರಾ ಒಂದನ್ನು ಕೊಂಡೆ. ಒಂದು ಸುರುಳಿಗೆ 12 ಚಿತ್ರಗಳು ಮಾತ್ರ. ಬಿಸಿಲಿಲ್ಲದಿದ್ದರೆ ಅದಕ್ಕೆ ಕಣ್ಣೇ ಕಾಣದು. ಫ್ಲಾಷ್ ಕೊಳ್ಳುವ ಶಕ್ತಿ ನನಗಿರಲಿಲ್ಲ. ಆದುದರಿಂದ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲಿ ಕವಿಗೋಷ್ಠಿ ನಡೆದರೆ, ಒಳಗೆ ಕುಳಿತು ಕವಿತೆ ಕೇಳುವುದು, ಮುಗಿದ ಮೇಲೆ ಎಲ್ಲರನ್ನೂ ಹೊರಗಿನ ಬೆಳಕಿಗೆ ಕರೆದು ನಿಲ್ಲಿಸಿ ಚಿತ್ರ ತೆಗೆಯುವುದು, ಹೀಗೆ ನಡೆಯುತ್ತಿತ್ತು. ಕಿವಿಯ ಕೆಲಸಕ್ಕೂ ಕಣ್ಣಿನ ಕೆಲಸಕ್ಕೂ ನಡುವೆ ಒಂದು ಹೊಸ್ತಿಲಿತ್ತು. ಅದು ಕ್ಯಾಮರಾದ ಬಡತನದಿಂದ ಬಂದ ಶಿಸ್ತೇ ಹೊರತು ನನ್ನ ಗುಣವಲ್ಲವೆಂಬುದು ಬಹುಕಾಲದ ಮೇಲೆ ತಿಳಿಯಿತು.

ಮಗನು ಮೊಬೈಲು ಕೊಡಿಸಿದ. ಮಬ್ಬು ಬೆಳಕಿನಲ್ಲಿಯೂ ಅದು ಚಿತ್ರ ತೆಗೆಯಬಲ್ಲುದು. ಸುರುಳಿಯ ಖರ್ಚಿಲ್ಲ, ಎಣಿಕೆಯ ಹಂಗಿಲ್ಲ. ಹೊಸ್ತಿಲು ತಾನಾಗಿಯೇ ಅಳಿಸಿಹೋಯಿತು. ಇಂದಿನ ಗೋಷ್ಠಿಗಳ ರೀತಿಯನ್ನು ಓದುಗರೂ ಬಲ್ಲರು. ಆಹ್ವಾನ ಪತ್ರಿಕೆಯಲ್ಲಿ 20 ಹೆಸರು, ತಲೆಗೆ ಮೂರು ನಿಮಿಷ. ಓದಿದವರು ಶಾಲು, ಹಾರ, ಹಣ್ಣಿನ ಬುಟ್ಟಿಗಳೊಡನೆ ಚಿತ್ರ ತೆಗೆಸಿಕೊಂಡು, ಬಸ್ಸು ತಪ್ಪೀತೆಂದು ಹೊರಡುತ್ತಾರೆ. ಕಟ್ಟಕಡೆಯ ಕವಿಯ ಪಾಲಿಗೆ ಉಳಿಯುವವರು ಅಧ್ಯಕ್ಷರು ಮತ್ತು ಮೈಕಿನ ಹುಡುಗ.

2018ರ ಅಂಥದೊಂದು ಸಂಜೆ ಕಟ್ಟಕಡೆಯ ಸರದಿ ನನ್ನ ಹಳೆಯ ಗೆಳೆಯರೊಬ್ಬರದಾಗಿತ್ತು. ಅವರು ಅಂಚೆ ಇಲಾಖೆಯಿಂದ ನಿವೃತ್ತರಾದವರು, ಮಿತಭಾಷಿ. ಅವರಿಗಾಗಿಯೇ ನಾನು ಉಳಿದಿದ್ದೆ. ಆದರೆ ಅವರು ಓದುವಾಗ ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ, ಅದುವರೆಗೆ ತೆಗೆದಿದ್ದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಅವರು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. “ಬಹಳ ಚೆನ್ನಾಗಿತ್ತು” ಎಂದೆ. ಅವರು ಸುಮ್ಮನೆ ನಕ್ಕರು.

ಎರಡು ತಿಂಗಳೊಳಗೆ ಅವರು ತೀರಿಕೊಂಡರು. ಮನೆಗೆ ಹೋದಾಗ ಅವರ ಮಡದಿ ಕೇಳಿದರು: “ಮೇಷ್ಟ್ರೇ, ಅವರು ಕಡೇ ಸಲ ಓದಿದಾಗ ನೀವು ಅಲ್ಲೇ ಇದ್ದಿರಂತೆ. ಫೋಟೋ ಇದ್ದರೆ ಒಂದು ಕೊಡಿ. ಅವತ್ತಿನ ಪದ್ಯದ ಹಾಳೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಏನಿತ್ತು ಅದರಲ್ಲಿ?”

ನನ್ನ ಬಳಿ ಚಿತ್ರವೂ ಇರಲಿಲ್ಲ, ಪದ್ಯವೂ ಇರಲಿಲ್ಲ. “ನೋಡುತ್ತೇನಮ್ಮ” ಎಂದು ಎದ್ದು ಬಂದೆ.

ಆ ಸಂಜೆಯ ಚಿತ್ರಗಳನ್ನೆಲ್ಲ ಮತ್ತೆ ತೆರೆದು ನೋಡಿದೆ. ಒಂದರಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಅಂಜುತ್ತ ಓದುತ್ತಿದ್ದಾಳೆ. ಅವಳ ಹಿಂದೆ ವೇದಿಕೆಯ ಕುರ್ಚಿಗಳಲ್ಲಿ ನಾವು ಕವಿಗಳೆಂಬವರು. ಒಬ್ಬರು ಕ್ಯಾಮರಾ ನೋಡುತ್ತಿದ್ದಾರೆ, ಒಬ್ಬರು ಗಡಿಯಾರ ನೋಡುತ್ತಿದ್ದಾರೆ, ಉಳಿದವರು ತಮ್ಮ ತಮ್ಮ ಅಂಗೈಯ ಬೆಳಕಿನಲ್ಲಿ ಮುಳುಗಿದ್ದಾರೆ. ಅಂಚಿನಲ್ಲಿ ನನ್ನ ಗೆಳೆಯರು ಕಣ್ಣು ಮುಚ್ಚಿ, ಕಿವಿಯ ಹಿಂದೆ ಅಂಗೈಯಿಟ್ಟು ಆ ಹುಡುಗಿಯ ಕವಿತೆಯನ್ನು ಕೇಳುತ್ತಿದ್ದಾರೆ.

ಅದನ್ನು ಅಚ್ಚು ಹಾಕಿಸಿ ಒಯ್ದು ಕೊಟ್ಟೆ. ಅವರು ಓದುವಾಗ ನಾನು ಕೇಳಿಸಿಕೊಳ್ಳಲಿಲ್ಲವೆಂಬುದನ್ನೂ ಹೇಳಿದೆ. ಆ ತಾಯಿ ಬಹಳ ಹೊತ್ತು ಚಿತ್ರವನ್ನೇ ನೋಡಿದರು. “ಮನೆಯಲ್ಲೂ ಹೀಗೇ. ನಾನು ಸೊಪ್ಪಿನ ಬೆಲೆ ಹೇಳಿದರೂ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು” ಎಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಚಿತ್ರ ಈಗ ಅವರ ನಡುಮನೆಯ ಗೋಡೆಯ ಮೇಲಿದೆ.

ನಮ್ಮ ಶರಣರ ನುಡಿಗೆ ‘ವಚನ’ವೆಂಬ ಹೆಸರು ಬಂದುದೇ ಅದು ಆಡಿದ ಮಾತಾದುದರಿಂದ. ಆಡಿದ ಮಾತು ಉಳಿಯಬೇಕಾದರೆ ಕೇಳಿದವನೊಬ್ಬನು ಬೇಕು. ಈ ಸರಳ ಸಂಗತಿಯನ್ನು ನಾಲ್ಕು ದಶಕ ಕವಿತೆ ಬರೆದ ನಾನು ಒಬ್ಬ ಗೆಳೆಯರನ್ನು ಕಳೆದುಕೊಂಡು ಕಲಿಯಬೇಕಾಯಿತು.

ಈಗ ಗೋಷ್ಠಿಗೆ ಹೋದರೆ ಮೊಬೈಲನ್ನು ಚೀಲದ ತಳಕ್ಕೆ ಸೇರಿಸಿ ಕುಳಿತುಬಿಡುತ್ತೇನೆ. ಕೊನೆಯ ಕವಿ ಓದಿ ಇಳಿದ ಮೇಲೆ, ಹಿಂದಿನಂತೆಯೇ, ಹೊರಗಿನ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ ಒಂದೇ ಒಂದು ಚಿತ್ರ ತೆಗೆಯುತ್ತೇನೆ. ಮನೆಗೆ ಬಂದು ಅವರ ಪದ್ಯದಲ್ಲಿ ನೆನಪಿಗೆ ಬಂದಷ್ಟನ್ನು ಬರೆದಿಡುತ್ತೇನೆ. ಅಂದು ಕೇಳದೆ ಹೋದ ಆ ಒಂದು ಪದ್ಯ ಮಾತ್ರ ಆ ಪುಸ್ತಕದಲ್ಲಿಲ್ಲ.