ಹೆಸರೊಂದು, ಶಿಖರ ಹಲವು

ಮಸ್ಸೂರಿಯ ಗಾಂಧಿ ಚೌಕದಿಂದ ಪಶ್ಚಿಮಕ್ಕೆ ಹೊರಟ ದಾರಿ ಮರಗಳ ನೆರಳಿನಲ್ಲಿ ಬಳಸುತ್ತ ಸಾಗಿ, ಸುಮಾರು ಆರು ಕಿಲೋಮೀಟರ್ ದೂರದ ಹಾಥೀಪಾಂವ್ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಹಾಗೆಂದರೆ ಹಿಂದಿಯಲ್ಲಿ ಆನೆಯ ಪಾದ. ಅಲ್ಲಿಂದ ಮುಂದಕ್ಕೆ ಏರುದಾರಿ. ಏದುಸಿರು ಬಿಡುತ್ತ ಮೇಲೆ ಬಂದವರಿಗೆ ಹುಲ್ಲುಹಾಸಿನ ಬಯಲು, ಅದರ ಅಂಚಿನಲ್ಲಿ ಒಂದೇ ಅಂತಸ್ತಿನ ಉದ್ದನೆಯ ಮನೆ ಕಾಣುತ್ತದೆ. ದಕ್ಷಿಣಕ್ಕೆ ಕೆಳಗೆ ಡೂನ್ ಕಣಿವೆ. ಉತ್ತರಕ್ಕೆ, ಮೋಡವಿಲ್ಲದ ದಿನವಾದರೆ, ಹಿಮಾಲಯದ ಬಿಳಿಯ ಸಾಲು.

ಇದು ಜಾರ್ಜ್ ಎವರೆಸ್ಟನ ಮನೆ. ಇಲ್ಲಿಗೆ ಬರುವ ಪ್ರವಾಸಿಗಳಲ್ಲಿ, ಅದರಲ್ಲೂ ಶಾಲಾ ಮಕ್ಕಳಲ್ಲಿ, ಒಂದು ಪ್ರಶ್ನೆ ಮೂಡುವುದು ಸಹಜ: ಆ ಬಿಳಿಯ ಸಾಲಿನಲ್ಲಿ ಎವರೆಸ್ಟ್ ಯಾವುದು? ಯಾವುದೂ ಅಲ್ಲ. ಆ ಶಿಖರ ಇಲ್ಲಿಂದ ಸುಮಾರು 900 ಕಿ.ಮೀ. ಪೂರ್ವಕ್ಕೆ, ನೇಪಾಳ ಮತ್ತು ಟಿಬೆಟ್‌ಗಳ ಗಡಿಯಲ್ಲಿದೆ. ಎವರೆಸ್ಟನ ಮನೆಯಂಗಳದಿಂದ ಎವರೆಸ್ಟ್ ಕಾಣಿಸುವುದಿಲ್ಲ. ಆ ಮನೆಯ ಯಜಮಾನನೂ ಅದನ್ನು ಕಂಡಿದ್ದನೆಂಬುದಕ್ಕೆ ದಾಖಲೆಯಿಲ್ಲ. ಅದನ್ನು ಹತ್ತಿದವನಂತೂ ಅಲ್ಲ.

ಹಾಗಾದರೆ ಆತ ಮಾಡಿದ್ದೇನು?

ಅಳತೆಗೆ ಸವೆದ ಬದುಕು

1790ರಲ್ಲಿ ಹುಟ್ಟಿದ ಜಾರ್ಜ್ ಎವರೆಸ್ಟ್, 1806ರಲ್ಲಿ ಇನ್ನೂ ಹದಿಹರೆಯದಲ್ಲೇ ಈಸ್ಟ್ ಇಂಡಿಯಾ ಕಂಪನಿಯ ಫಿರಂಗಿದಳ ಸೇರಿ ಬಂಗಾಳಕ್ಕೆ ಬಂದ. ಅಷ್ಟರಲ್ಲಾಗಲೇ ದಕ್ಷಿಣದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ದೇಶವನ್ನು ಅಳೆಯುವ ಮಹಾಕಾರ್ಯಕ್ಕೆ ಕೈಹಾಕಿದ್ದ. ಲ್ಯಾಂಬ್ಟನ್ ತನ್ನ ವಿಧಾನವನ್ನು ಮೊದಲು ಪರೀಕ್ಷಿಸಿದ್ದು 1800ರಲ್ಲಿ, ನಮ್ಮ ಬೆಂಗಳೂರಿನ ಬಳಿ. ಮುಂದೆ 1802ರಲ್ಲಿ ಮದರಾಸಿನಲ್ಲಿ ಕೆಲಸ ವಿಧ್ಯುಕ್ತವಾಗಿ ಆರಂಭವಾಯಿತು. 1818ರಲ್ಲಿ ಎವರೆಸ್ಟ್ ಆತನ ಸಹಾಯಕನಾದ. 1823ರಲ್ಲಿ ಲ್ಯಾಂಬ್ಟನ್ ಕೆಲಸದ ನಡುವೆಯೇ ಹಿಂಗಣಘಾಟ್‌ನಲ್ಲಿ ತೀರಿಕೊಂಡಾಗ ಪೂರ್ಣ ಹೊಣೆ ಎವರೆಸ್ಟನ ಹೆಗಲಿಗೆ ಬಂತು.

ಈ ಅಳತೆಯ ಮೂಲತತ್ವ ಪ್ರೌಢಶಾಲೆಯ ಮಕ್ಕಳಿಗೂ ತಿಳಿಯುವಂಥದು. ತ್ರಿಕೋನದ ಒಂದು ಬಾಹುವನ್ನೂ ಅದರ ಎರಡು ತುದಿಗಳ ಕೋನಗಳನ್ನೂ ಅಳೆದರೆ ಉಳಿದೆರಡು ಬಾಹುಗಳ ಉದ್ದ ಲೆಕ್ಕದಲ್ಲೇ ಸಿಗುತ್ತದೆ. ಹಾಗೆ ಸಿಕ್ಕ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ಕನ್ಯಾಕುಮಾರಿಯಿಂದ ಮಸ್ಸೂರಿಯ ಬಳಿಯ ಬನೋಗ್ ಬೆಟ್ಟದವರೆಗೆ ಸುಮಾರು 2,400 ಕಿ.ಮೀ. ಉದ್ದದ ತ್ರಿಕೋನಗಳ ಸರಪಣಿಯನ್ನು ಹೆಣೆಯಲಾಯಿತು. ಅದು ಮುಗಿದದ್ದು 1841ರಲ್ಲಿ. ಅದೇ ವರ್ಷ ಬೀದರಿನ ಬಳಿ ಲ್ಯಾಂಬ್ಟನ್ ಕಾಲದ ಆಧಾರರೇಖೆಯೊಂದನ್ನು ಹೊಸ ಸಾಧನದಿಂದ ಮತ್ತೆ ಅಳೆದು ತಾಳೆ ನೋಡಲಾಯಿತು.

ತತ್ವ ಸರಳ; ಕೆಲಸ ಕಠಿಣ. ಕೋನ ಅಳೆಯುವ ದೊಡ್ಡ ಥಿಯೋಡೊಲೈಟ್ ಅರ್ಧ ಟನ್ ತೂಗುತ್ತಿತ್ತು. ಗಂಗಾ ಬಯಲಿನಲ್ಲಿ ಬೆಟ್ಟಗಳಿಲ್ಲದ ಕಾರಣ ಸುಮಾರು 50 ಅಡಿ ಎತ್ತರದ ಗೋಪುರಗಳನ್ನು ಕಟ್ಟಬೇಕಾಯಿತು. ಹಗಲಿನ ಧೂಳು, ಬಿಸಿಗಾಳಿಗಳ ಕಾಟ ತಪ್ಪಿಸಲು ರಾತ್ರಿ ದೀಪಗಳನ್ನು ಉರಿಸಿ ಕೋನ ಅಳೆದರು. ಕಾಡುಜ್ವರಕ್ಕೆ ಸಿಕ್ಕಿ ಸತ್ತ ಕಲಾಸಿಗಳ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಎವರೆಸ್ಟನೂ ಜ್ವರದಿಂದ ಜರ್ಜರಿತನಾಗಿ 1825ರಲ್ಲಿ ಇಂಗ್ಲೆಂಡಿಗೆ ಹೋಗಿ, 1830ರಲ್ಲಿ ಸರ್ವೇಯರ್ ಜನರಲ್ ಆಗಿ ಮರಳಿದ. ಹಾಥೀಪಾಂವ್‌ನ ಈ ಮನೆಯನ್ನು ಕೊಂಡದ್ದು ಆ ಬಳಿಕ.

ಇಷ್ಟು ನಿಖರವಾಗಿ ಅಳೆದಾಗ ಪ್ರಕೃತಿ ಒಂದು ಒಗಟನ್ನು ಮುಂದಿಟ್ಟಿತು. ಮಧ್ಯಭಾರತದ ಕಲಿಯಾನ್‌ಪುರ, ಉತ್ತರದ ಕಲಿಯಾನಾ ಇವೆರಡರ ಅಕ್ಷಾಂಶಗಳ ಅಂತರವನ್ನು ತ್ರಿಕೋನಗಳಿಂದ ಲೆಕ್ಕ ಹಾಕಿದಾಗ ಒಂದು ಉತ್ತರ, ನಕ್ಷತ್ರಗಳನ್ನು ನೋಡಿ ಅಳೆದಾಗ ಇನ್ನೊಂದು. ವ್ಯತ್ಯಾಸ 5.236 ಸೆಕೆಂಡು, ನೆಲದ ಮೇಲೆ ಸುಮಾರು 160 ಮೀಟರ್. ಕಲ್ಕತ್ತೆಯ ಪಾದ್ರಿಯೂ ಗಣಿತಜ್ಞನೂ ಆಗಿದ್ದ ಪ್ರ್ಯಾಟ್ ಇದಕ್ಕೆ ಕಾರಣ ಹುಡುಕಿದ. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ಇಳಿಬಿಡುವ ತೂಗುಗುಂಡಿನಂಥದೇ ಗುಂಡು ಸರ್ವೆಯವರ ಬಳಿಯೂ ಇರುತ್ತದೆ. ಹಿಮಾಲಯದ ಅಗಾಧ ರಾಶಿ ಅದನ್ನು ತನ್ನತ್ತ ತುಸು ಸೆಳೆಯುತ್ತದೆ. ಆದರೆ ಲೆಕ್ಕ ಮಾಡಿದರೆ ಸೆಳೆತ ಸುಮಾರು ಮೂರು ಪಟ್ಟು ಇರಬೇಕಿತ್ತು! ಪರ್ವತಗಳಿಗೆ ಹಗುರ ಶಿಲೆಯ ಆಳವಾದ ಬೇರುಗಳಿವೆ, ನೀರಿನಲ್ಲಿ ಮರದ ದಿಮ್ಮಿ ತೇಲುವಂತೆ ಅವು ಭಾರವಾದ ಪದರದ ಮೇಲೆ ತೇಲುತ್ತಿವೆ ಎಂಬ ವಿವರಣೆಯನ್ನು 1855ರಲ್ಲಿ ಖಗೋಳಜ್ಞ ಏರಿ ಮುಂದಿಟ್ಟ. ಭೂವಿಜ್ಞಾನದ ದೊಡ್ಡ ಅಧ್ಯಾಯವೊಂದು ತೆರೆದದ್ದು ಆ ಪುಟ್ಟ ವ್ಯತ್ಯಾಸದಿಂದ.

ಬೇಡವೆಂದರೂ ಬಂದ ಕೀರ್ತಿ

1843ರಲ್ಲಿ ಎವರೆಸ್ಟ್ ನಿವೃತ್ತನಾಗಿ ಇಂಗ್ಲೆಂಡಿಗೆ ತೆರಳಿದ. ಹಿಮಾಲಯದ ಪೂರ್ವಭಾಗದ ಶಿಖರಗಳನ್ನು ದೂರದ ಬಯಲಿನಿಂದ ಅಳೆಯುವ ಕೆಲಸ ನಡೆದದ್ದು ಆತನ ಉತ್ತರಾಧಿಕಾರಿ ಆಂಡ್ರ್ಯೂ ವಾ ಕಾಲದಲ್ಲಿ. ಅವುಗಳಲ್ಲಿ 15ನೆಯ ಸಂಖ್ಯೆಯ ಶಿಖರವೇ ಎಲ್ಲಕ್ಕಿಂತ ಎತ್ತರ ಎಂದು ಲೆಕ್ಕದಿಂದ ಹೊರಬಿತ್ತು. ಈ ಲೆಕ್ಕದಲ್ಲಿ ಪ್ರಮುಖ ಪಾತ್ರ ವಹಿಸಿದವರು ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರ್. 1831ರಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳಕ್ಕೆ ಅವರನ್ನು ಗಣಕನಾಗಿ ಸೇರಿಸಿಕೊಂಡವನು, ಅವರ ಪ್ರತಿಭೆಯನ್ನು ಬಾಯಿತುಂಬ ಹೊಗಳಿದವನು ಎವರೆಸ್ಟನೇ. ಆತನ ಸೂಕ್ಷ್ಮ ಉಪಕರಣಗಳನ್ನು ದುರಸ್ತಿ ಮಾಡಿ ನಡೆಸಿಕೊಟ್ಟವರು ಆರ್ಕಾಟಿನ ಸೈಯದ್ ಮೊಹ್ಸಿನ್.

1856ರಲ್ಲಿ ವಾ ಶಿಖರದ ಎತ್ತರ 29,002 ಅಡಿ ಎಂದು ಸಾರಿ, ಅದಕ್ಕೆ ತನ್ನ ಹಿಂದಿನ ಅಧಿಕಾರಿಯ ಹೆಸರನ್ನು ಸೂಚಿಸಿದ. ಇದಕ್ಕೆ ಆಕ್ಷೇಪಿಸಿದವರಲ್ಲಿ ಎವರೆಸ್ಟನೂ ಒಬ್ಬ! ತನ್ನ ಹೆಸರನ್ನು ಹಿಂದಿ, ಪರ್ಷಿಯನ್ ಲಿಪಿಗಳಲ್ಲಿ ಬರೆಯಲಾಗದು, ಭಾರತೀಯರ ನಾಲಿಗೆಗೆ ಅದು ಒಗ್ಗದು ಎಂದು 1857ರಲ್ಲಿ ಆತ ಹೇಳಿದ. ಆ ಪರ್ವತಕ್ಕೆ ಟಿಬೆಟ್ಟಿನ ಜನ ಕರೆಯುತ್ತಿದ್ದ ಚೋಮೋಲುಂಗ್ಮಾ ಎಂಬ ಹೆಸರಿತ್ತು. ನೇಪಾಳದಲ್ಲಿ ಇಂದು ಅದು ಸಾಗರಮಾತಾ. ಆದರೂ 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಾಫಿಕಲ್ ಸೊಸೈಟಿ ‘ಎವರೆಸ್ಟ್’ ಅನ್ನೇ ಒಪ್ಪಿಕೊಂಡಿತು. ಮರುವರ್ಷ ಎವರೆಸ್ಟ್ ತೀರಿಕೊಂಡ. ಇನ್ನೊಂದು ಸ್ವಾರಸ್ಯವೆಂದರೆ ಆತ ತನ್ನ ಹೆಸರನ್ನು ಉಚ್ಚರಿಸುತ್ತಿದ್ದುದು ‘ಈವ್‌ರೆಸ್ಟ್’ ಎಂದು. ಜಗತ್ತು ಆತನಿಗೆ ಕೀರ್ತಿ ಕೊಟ್ಟಿತು. ಹೆಸರನ್ನು ಮಾತ್ರ ಸರಿಯಾಗಿ ಹೇಳಲಿಲ್ಲ.

ಅಂದಿನ ಅಳತೆ ಎಷ್ಟು ಸರಿ? 2020ರಲ್ಲಿ ನೇಪಾಳ ಮತ್ತು ಚೀನಾ ಜಂಟಿಯಾಗಿ ಪ್ರಕಟಿಸಿದ ಎತ್ತರ 8,848.86 ಮೀ. ನೂರಕ್ಕೂ ಹೆಚ್ಚು ಮೈಲಿ ದೂರದಿಂದ, ಕಾಗದ ಮತ್ತು ಲೇಖನಿಯ ಬಲದಿಂದ ಮಾಡಿದ ಹಳೆಯ ಲೆಕ್ಕ ಇದಕ್ಕಿಂತ ಸುಮಾರು 9 ಮೀಟರ್ ಮಾತ್ರ ಕಡಿಮೆ.

ಊರಿನಿಂದ ಬಂದ ಹೆಸರು

ಎವರೆಸ್ಟ್ ಎಂಬುದು ಇಂಗ್ಲೆಂಡಿನಲ್ಲಿ ಅಪರೂಪದ ಮನೆತನದ ಹೆಸರು. ಅದರ ಮೂಲ ಫ್ರಾನ್ಸಿನ ನಾರ್ಮಂಡಿಯ ಎವ್ರೂ ಎಂಬ ಊರು ಎಂದು ವಂಶನಾಮಗಳ ನಿಘಂಟುಗಳು ಹೇಳುತ್ತವೆ. ಇದು ನಮಗೆ ಹೊಸದೇನಲ್ಲ. ವಿಶ್ವೇಶ್ವರಯ್ಯನವರ ಹೆಸರಿನ ಹಿಂದೆ ಮೋಕ್ಷಗುಂಡಂ, ಪುಟ್ಟಪ್ಪನವರ ಹೆಸರಿನ ಹಿಂದೆ ಕುಪ್ಪಳಿ ನಿಂತಿರುವಂತೆಯೇ ಅದು. ಪೂರ್ವಿಕರು ಬಿಟ್ಟುಬಂದ ಊರು ಮೊಮ್ಮಕ್ಕಳ ಹೆಸರಿನಲ್ಲಿ ಉಳಿದುಕೊಳ್ಳುತ್ತದೆ. ಈ ಹೆಸರಿನ ಇನ್ನು ಕೆಲವರು ಪರ್ವತದ ನೆರಳಿನಲ್ಲಿ ಮರೆಯಾಗಿದ್ದಾರೆ.

ಜಾರ್ಜನ ಸೋದರ ಥಾಮಸ್ ಎಂಬ ಪಾದ್ರಿಯ ಮಗಳು ಮೇರಿ ಎವರೆಸ್ಟ್. 1832ರಲ್ಲಿ ಗ್ಲಾಸ್ಟರ್‌ಷೈರಿನ ವಿಕ್ವಾರ್ ಎಂಬ ಹಳ್ಳಿಯಲ್ಲಿ ಜನನ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಆಕೆಗೆ ಗಣಿತ ಹೇಳಿಕೊಟ್ಟ ಜಾರ್ಜ್ ಬೂಲ್ 1855ರಲ್ಲಿ ಆಕೆಯ ಪತಿಯಾದ. ಇಂದು ಪ್ರತಿಯೊಂದು ಕಂಪ್ಯೂಟರಿನ ಒಳಗೂ ದುಡಿಯುತ್ತಿರುವ ‘ಬೂಲಿಯನ್ ಬೀಜಗಣಿತ’ ಆತನದೇ. 1864ರಲ್ಲಿ ಮಳೆಯಲ್ಲಿ ನೆನೆದು ಹೋಗಿ ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದ ಬೂಲ್, ಜ್ವರ ಹಿಡಿದು ತೀರಿಕೊಂಡ. ಆಗ ಮೇರಿಗೆ 32 ವರ್ಷ, ಮಡಿಲಲ್ಲಿ ಐವರು ಹೆಣ್ಣುಮಕ್ಕಳು.

ಆಕೆ ಲಂಡನ್ನಿನ ಕ್ವೀನ್ಸ್ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿ ಸಂಸಾರ ಸಾಗಿಸಿದಳು. ಮಕ್ಕಳಿಗೆ ಗಣಿತವನ್ನು ಹೆದರಿಸದೆ ಕಲಿಸುವುದು ಹೇಗೆ ಎಂದು ಪುಸ್ತಕಗಳನ್ನು ಬರೆದಳು. ರಟ್ಟಿನ ತೂತುಗಳಲ್ಲಿ ದಾರ ಪೋಣಿಸಿ ಸರಳರೇಖೆಗಳಿಂದಲೇ ವಕ್ರರೇಖೆ ಮೂಡಿಸುವ ಆಟವನ್ನು ಪ್ರಚುರಪಡಿಸಿದಳು. ನಮ್ಮ ವಿದ್ಯಾರ್ಥಿಗಳೂ ಇದನ್ನು ಮಾಡಿ ನೋಡಬಹುದು. ಲಂಬಕೋನದ ಎರಡು ಭುಜಗಳ ಮೇಲೂ ಮೂಲೆಯಿಂದ ಆರಂಭಿಸಿ ಸಮಾನ ಅಂತರದಲ್ಲಿ 1ರಿಂದ 10ರವರೆಗೆ ಚುಕ್ಕೆಗಳನ್ನಿಡಿ. ಒಂದು ಭುಜದ 1ನ್ನು ಇನ್ನೊಂದರ 10ಕ್ಕೆ, 2ನ್ನು 9ಕ್ಕೆ, ಹೀಗೆ ಮೊತ್ತ 11 ಬರುವಂತೆ ಸೇರಿಸಿ. ಒಂದೂ ಬಾಗಿದ ಗೆರೆ ಎಳೆಯದಿದ್ದರೂ ರಂಗೋಲಿಯಂತೆ ಪರವಲಯದ ಬಾಗು ಎದ್ದು ಬರುತ್ತದೆ.

ಮೇರಿಯ ಮಗಳು ಅಲಿಸಿಯಾ ಕಾಲೇಜು ಮೆಟ್ಟಿಲು ಹತ್ತದೆಯೇ ನಾಲ್ಕು ಆಯಾಮಗಳ ಆಕೃತಿಗಳ ಬಗ್ಗೆ ಗಣಿತಜ್ಞರು ಬೆರಗಾಗುವ ಕೆಲಸ ಮಾಡಿದಳು. ಎವರೆಸ್ಟ್ ಹೆಸರನ್ನು ನಡುವೆ ಇಟ್ಟುಕೊಂಡಿದ್ದ ಲೂಸಿ ಎವರೆಸ್ಟ್ ಬೂಲ್, 1894ರಲ್ಲಿ ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಕೆಮಿಸ್ಟ್ರಿಗೆ ಫೆಲೋ ಆದ ಮೊದಲ ಮಹಿಳೆ. ದೊಡ್ಡಪ್ಪನ ಮೂಲಕ ಕೇಳಿದ್ದ ಭಾರತವನ್ನು ಮೇರಿ ಮರೆತಿರಲಿಲ್ಲ. ಪಾಶ್ಚಾತ್ಯ ವಿಜ್ಞಾನ ಭಾರತೀಯ ಚಿಂತನೆಗೆ ಋಣಿಯಾಗಿದೆ ಎಂದು ವಾದಿಸಿ 1901ರಲ್ಲಿ ಆಕೆ ಬರೆದ ದೀರ್ಘ ಪತ್ರ ಜಗದೀಶಚಂದ್ರ ಬೋಸರಿಗೆ.

ದಾದಿ ಮತ್ತು ವೈಮಾನಿಕ

ಇನ್ನೊಬ್ಬಳು ಎಲಿಜಬೆತ್ ಎವರೆಸ್ಟ್. ಹೆಸರು ಒಂದೇ ಎಂದ ಮಾತ್ರಕ್ಕೆ ಇವರೆಲ್ಲ ಬಂಧುಗಳೆಂದಲ್ಲ. ಕೆಂಟ್ ಪ್ರಾಂತದ ಈಕೆ 1875ರಲ್ಲಿ ಶ್ರೀಮಂತ ಮನೆಯೊಂದಕ್ಕೆ ದಾದಿಯಾಗಿ ಸೇರಿದಳು. ಮದುವೆಯಾಗದಿದ್ದರೂ ಗೌರವಕ್ಕೆ ಎಲ್ಲರೂ ಮಿಸೆಸ್ ಎವರೆಸ್ಟ್ ಎನ್ನುತ್ತಿದ್ದರು. ಆಕೆ ಎತ್ತಿ ಆಡಿಸಿದ ಮಗು ವಿನ್‌ಸ್ಟನ್ ಚರ್ಚಿಲ್. ಭಾರತೀಯರಿಗೆ ಚರ್ಚಿಲ್ ಎಂದರೆ ಕಹಿ ನೆನಪುಗಳೇ ಹೆಚ್ಚು. ಆದರೆ ತಂದೆತಾಯಿಗಳ ಸಮಯ ಸಿಗದ ಆ ಬಾಲಕನಿಗೆ ಮಮತೆ ಉಣಿಸಿದವಳು ಈಕೆ. 1893ರಲ್ಲಿ ಆಕೆಯನ್ನು ಕೆಲಸದಿಂದ ತೆಗೆದಾಗ ಆತ ತಾಯಿಗೆ ಪತ್ರ ಬರೆದು ಪ್ರತಿಭಟಿಸಿದ. 1895ರಲ್ಲಿ ಆಕೆ ಮರಣಶಯ್ಯೆಯಲ್ಲಿದ್ದಾಗ ಧಾವಿಸಿ ಬಂದ. ಆ ಸ್ಥಿತಿಯಲ್ಲೂ ಆಕೆಗೆ ಚಿಂತೆ ಆತನ ಕೋಟು ಮಳೆಯಲ್ಲಿ ನೆನೆದಿದೆಯಲ್ಲ, ಶೀತವಾದೀತಲ್ಲ ಎಂದು. ಲಂಡನ್ನಿನ ಸ್ಮಶಾನದಲ್ಲಿ ಆಕೆಯ ಸಮಾಧಿಗೆ ಕಲ್ಲು ಹಾಕಿಸಿದವನು ಆತನೇ. ಮರುವರ್ಷ ಆ ಯುವ ಅಧಿಕಾರಿ ತನ್ನ ಅಶ್ವದಳದೊಂದಿಗೆ ಬೆಂಗಳೂರಿನ ದಂಡಿಗೆ ಬಂದಿಳಿದ.

ಅಮೆರಿಕದ ಫ್ರಾಂಕ್ ಕೆಂಡಲ್ ಎವರೆಸ್ಟ್ ಪರ್ವತದ ಎರಡು ಪಟ್ಟಿಗೂ ಹೆಚ್ಚು ಎತ್ತರಕ್ಕೆ ಹಾರಿದವನು. 1949ರಲ್ಲಿ ಎಕ್ಸ್-1 ರಾಕೆಟ್ ವಿಮಾನದಲ್ಲಿ ಸುಮಾರು 21 ಕಿ.ಮೀ. ಎತ್ತರದಲ್ಲಿದ್ದಾಗ ಕೋಣೆಯ ಗಾಳಿಯೆಲ್ಲ ಹೊರಗೆ ನುಗ್ಗಿತು. ಅಲ್ಲಿ ಗಾಳಿಯ ಒತ್ತಡ ಎಷ್ಟು ಕಡಿಮೆಯೆಂದರೆ ಮೈಯ ಶಾಖಕ್ಕೇ ನೀರು ಕುದಿಯುತ್ತದೆ. ತೊಟ್ಟಿದ್ದ ಒತ್ತಡದ ಉಡುಪು ಆತನ ಪ್ರಾಣ ಉಳಿಸಿತು. 1956ರ ಜುಲೈ 23ರಂದು ಎಕ್ಸ್-2 ವಿಮಾನವನ್ನು ಶಬ್ದದ 2.87 ಪಟ್ಟು ವೇಗದಲ್ಲಿ ಹಾರಿಸಿ ‘ಅತಿ ವೇಗದ ಮನುಷ್ಯ’ ಎನಿಸಿಕೊಂಡ. ಆ ಬಿರುದು ಬಾಳಿದ್ದು ಎರಡೇ ತಿಂಗಳು. ಸೆಪ್ಟೆಂಬರಿನಲ್ಲಿ ಅದೇ ವಿಮಾನದಲ್ಲಿ ಮಿಲ್ಬರ್ನ್ ಆಪ್ಟ್ ಶಬ್ದದ ಮೂರು ಪಟ್ಟು ವೇಗವನ್ನು ದಾಟಿದ. ಆದರೆ ಜೀವಂತ ಮರಳಲಿಲ್ಲ.

ಮತ್ತೆ ಆ ಅಂಗಳಕ್ಕೆ

ಹಾಥೀಪಾಂವ್‌ನ ಮನೆ ದಶಕಗಳ ಕಾಲ ಪಾಳುಬಿದ್ದಿತ್ತು. ಈಚಿನ ವರ್ಷಗಳಲ್ಲಿ ಅದನ್ನು ದುರಸ್ತಿ ಮಾಡಿ ನಕ್ಷೆಗಳ ವಸ್ತುಸಂಗ್ರಹಾಲಯ ಮಾಡಿದ್ದಾರೆ. ರಾಧಾನಾಥ ಸಿಕ್ದಾರರಿಗೆ ಅಂಚೆಚೀಟಿಯ ಗೌರವ ಸಂದದ್ದು 2004ರಲ್ಲಿ, ಲೆಕ್ಕ ಮುಗಿದ ಒಂದೂವರೆ ಶತಮಾನದ ನಂತರ.

ಓದಿ ಮನೆತನಕ್ಕೆ ಹೆಸರು ತರಬೇಕು ಎಂದು ತಂದೆತಾಯಿಗಳು ಮಕ್ಕಳಿಗೆ ಹೇಳುವುದುಂಟು. ಹೆಸರು ಯಾರಿಗೆ, ಯಾವಾಗ ಬರುತ್ತದೆಂಬುದು ಯಾರ ಕೈಯಲ್ಲೂ ಇಲ್ಲ. ಕೇಳದವನಿಗೆ ಪರ್ವತ ಸಿಕ್ಕಿತು. ಲೆಕ್ಕ ಮಾಡಿದವರಿಗೆ ಅಂಚೆಚೀಟಿ. ದಾದಿಗೆ ಒಂದು ಸಮಾಧಿಯ ಕಲ್ಲು. ದೀಪ ಹಿಡಿದು ಕಾಡಿನಲ್ಲಿ ನಿಂತ ಕಲಾಸಿಗಳಿಗೆ ಅದೂ ಇಲ್ಲ. ಆದರೆ ಅವರಲ್ಲಿ ಒಬ್ಬನ ದೀಪ ಆರಿದ್ದರೂ ಆ ರಾತ್ರಿಯ ಕೋನ ಸಿಗುತ್ತಿರಲಿಲ್ಲ, ತ್ರಿಕೋನ ಪೂರ್ಣವಾಗುತ್ತಿರಲಿಲ್ಲ. ಎವರೆಸ್ಟ್ ಕಾಣದ ಆ ಅಂಗಳದಲ್ಲಿ ನಿಂತವರಿಗೆ ಇಷ್ಟು ಕಂಡರೆ ಏರಿ ಬಂದ ಶ್ರಮ ಸಾರ್ಥಕ.